ಅಘನಾಶಿನಿ ಅಳಿವೆಯ ದೋಣಿ: ನೀರು ಇಳಿಯುವವರೆಗೆ ಕಾಯಿರಿ

ಜನವರಿಯ ಒಂದು ಭಾನುವಾರ ಅವ್ವ, ಮಗಳು, ನಾನು ಹುಬ್ಬಳ್ಳಿಯಿಂದ ಕುಮಟಾ ಹತ್ತಿರ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಗೆ ಹೋಗಿ ಬಂದೆವು. ನನ್ನ ತವರು ಲಕ್ಷ್ಮೇಶ್ವರದ ಕಡೆ. ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದನ್ನು ನೋಡುತ್ತಲೇ ಬೆಳೆದವಳು ನಾನು. 2024ರ ಜನವರಿಯಲ್ಲಿ ನಮ್ಮ ಕೆರೆಯ ಜೊತೆಗೇ ಈ ಅಳಿವೆಯೂ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆಗಿನಿಂದ ನೋಡುವ ಆಸೆ ಇತ್ತು.

ವ್ಯಾನಿನವರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಬರುತ್ತೇವೆ ಅಂದವರು ಬಂದಿದ್ದು ಏಳಕ್ಕೆ. ಅರಬೈಲ್ ಘಟ್ಟ ಇಳಿದು ಮುಟ್ಟುವಷ್ಟರಲ್ಲಿ ಹನ್ನೊಂದು ದಾಟಿತ್ತು. ಆಗ ಭರತ, ಸಮುದ್ರದ ನೀರು ಏರಿತ್ತು. ಎಲ್ಲಿ ನೋಡಿದರೂ ನೀರು, ಅದರ ಮೇಲೆ ಹಸಿರು ಎಲೆ, ಅಷ್ಟೇ. ಎರಡು ಸ್ಟಾರ್.

ದೋಣಿಯವರಿಗೆ ಐದು. ಬೇಕಿದ್ದರೆ ಆಗಲೇ ಒಂದು ಸುತ್ತು ಹೊಡೆಸಿ ದುಡ್ಡು ತಗೋಬಹುದಿತ್ತು ಅಲ್ವಾ? "ಈಗ ಏನೂ ಕಾಣೂದಿಲ್ಲ ಅಕ್ಕ, ನೀರು ಅರ್ಧ ಇಳೀಲಿ" ಅಂದರು. ಊಟ ಮುಗಿಸಿ ಎರಡೂವರೆಗೆ ಹೊರಟೆವು. ಮಗಳ ಅಳತೆಯ ಲೈಫ್ ಜಾಕೆಟ್ ಇತ್ತು.

ಆ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರೆಲ್ಲ ಹೊರಗೆ ಬಂದಿದ್ದವು. ಕೆಲವು ಬಿಲ್ಲಿನ ಹಾಗೆ ಬಾಗಿ ಕೆಸರಿಗೆ ಇಳಿದಿವೆ, ಕೆಲವು ಪೆನ್ಸಿಲ್ ಚುಚ್ಚಿದ ಹಾಗೆ ಮೇಲೆ ಎದ್ದಿವೆ. ಆ ಬೇರುಗಳು ಉಸಿರಾಡುವುದಕ್ಕಂತೆ. ಕೆಸರಿನಲ್ಲಿ ಗಾಳಿ ಇರುವುದಿಲ್ಲವಲ್ಲ. ಕೊಂಬೆಯಲ್ಲಿ ನುಗ್ಗೇಕಾಯಿ ಥರ ನೇತಾಡುತ್ತಿದ್ದದ್ದು ಕಾಯಲ್ಲ, ಮರದ ಮೇಲೇ ಮೊಳಕೆಯೊಡೆದ ಸಸಿ. ಬಿದ್ದರೆ ಕೆಸರಿಗೆ ನೆಟ್ಟಗೆ ನಾಟಿಕೊಳ್ಳುತ್ತದೆ. ಇನ್ನೊಂದು ಗಿಡದ ಎಲೆ ನೆಕ್ಕಿ ನೋಡಿ ಅಂದರು. ನೆಕ್ಕಿದೆವು. ಉಪ್ಪು! ಬೇರು ಎಳೆದುಕೊಂಡ ಉಪ್ಪನ್ನು ಎಲೆ ಹೊರಗೆ ಹಾಕುತ್ತದೆ.

ಆಮೇಲೆ ಎಂಜಿನ್ ಆರಿಸಿ ಸುಮ್ನೆ ಕೂರಿಸಿದರು. ಐದು ನಿಮಿಷದಲ್ಲಿ ಕೆಸರೇ ಅಲುಗಾಡತೊಡಗಿತು. ಸಾವಿರ ತೂತು, ಒಂದೊಂದರಿಂದ ಒಂದು ಏಡಿ. ಗಂಡಿಗೆ ಒಂದು ಮುಂಗಾಲು ಮಾತ್ರ ಮೈಯಷ್ಟು ದೊಡ್ಡದು, ಅದನ್ನೇ ಬೀಸಿ ಬೀಸಿ ಕರೆಯುತ್ತದೆ. ಮೀನೊಂದು ನೀರು ಬಿಟ್ಟು ಕೆಸರ ಮೇಲೆ ಜಿಗಿಯುತ್ತ ಹೋಯಿತು. ಮಗಳು ಉಸಿರು ಬಿಗಿಹಿಡಿದು ನೋಡಿದಳು. ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಎಲ್ಲ ಕೈಗೆ ಸಿಗುವಷ್ಟು ಹತ್ತಿರ. ಬೈನಾಕ್ಯುಲರ್ ಚೀಲದಿಂದ ತೆಗೆಯಲೇ ಇಲ್ಲ.

ಅವ್ವನ ಕಣ್ಣು ಮಾತ್ರ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪು) ಹೆಕ್ಕುತ್ತಿದ್ದ ಹೆಂಗಸರ ಮೇಲಿತ್ತು. ದಡಕ್ಕೆ ಬಂದ ಮೇಲೆ ಅವರನ್ನು ಮಾತಾಡಿಸಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ ಅಂತ ತಿಳಿದುಕೊಂಡಳು. "ಉಪ್ಪನೀರಾಗ ಭತ್ತಾ?" ಅಂತ ಮೂರು ಸಲ ಕೇಳಿದಳು. ಕೊನೆಗೆ ಒಬ್ಬರ ಮನೆಗೇ ಹೋಗಿ ಎರಡು ಕಿಲೋ ಕೆಂಪಕ್ಕಿ ಕೊಂಡು ತಂದಳು. ಗಂಜಿ ಬಹಳ ರುಚಿ.

ನಾವು ದೋಣಿ ಹತ್ತಿದ ಕಡೆ ಶೌಚಾಲಯ ಇಲ್ಲ, ಕುಮಟಾದಲ್ಲೇ ಮುಗಿಸಿಕೊಳ್ಳಿ. ಹಿಂದಿನ ದಿನ ದೋಣಿಯವರಿಗೆ ಫೋನ್ ಮಾಡಿ ಇಳಿತ ಎಷ್ಟು ಹೊತ್ತಿಗೆ ಅಂತ ಕೇಳಿ. ಗಾಡಿಯವರ ಹತ್ತಿರ ಟೈಮ್ ಆಮೇಲೆ ಮಾತಾಡಿ.