ಕೋಲಾರದ ಭಾನುವಾರದ ಕವಿತೆ ತರಗತಿ: ಒಬ್ಬ ತಾಯಿಯ ಅಭಿಪ್ರಾಯ

ಕೋಲಾರದಲ್ಲಿ ಹದಿಹರೆಯದ ಮಕ್ಕಳಿಗಾಗಿ 8 ಭಾನುವಾರ ನಡೆದ ಕವಿತೆ ತರಗತಿಗೆ ನನ್ನ ಮಗ ಹೋಗಿಬಂದಿದ್ದಾನೆ. ಹತ್ತನೇ ತರಗತಿಯ ಹುಡುಗನಿಗೆ ಇದೆಲ್ಲ ಬೇಕೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿಯೂ ಎದ್ದಿತ್ತಾದ್ದರಿಂದ, ಅದೇ ಅನುಮಾನದಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಛಂದಸ್ಸು ಅವನಿಗೆ ಹೊಸದಲ್ಲ. ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆದು ಅಂಕ ಪಡೆಯುವುದು ಚೆನ್ನಾಗಿಯೇ ಬರುತ್ತಿತ್ತು. ಆದರೆ ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಓದಿರಲಿಲ್ಲ. ಇಲ್ಲಿ ಮೊದಲ ಎರಡು ವಾರ ಪೆನ್ನನ್ನೇ ಮುಟ್ಟಿಸಲಿಲ್ಲ. ಮೂರು–ನಾಲ್ಕು, ಮೂರು–ನಾಲ್ಕು ಎಂದು ಮಾತ್ರೆಗಳನ್ನು (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಎಣಿಸುತ್ತಾ ಕೈತಟ್ಟಿಸಿ, ಕುಮಾರವ್ಯಾಸನ ಪದ್ಯಗಳನ್ನು ಆ ನಡೆಯಲ್ಲಿ ಓದಿಸಿ, ಅನಂತರ ತಾವು ಕಂಡದ್ದನ್ನು ಅದೇ ತಾಳಕ್ಕೆ ಹೇಳುವಂತೆ ಮಕ್ಕಳಿಗೆ ಸೂಚಿಸಿದರು. ಬೆಲೆ ಕುಸಿದ ದಿನ ಟೊಮೆಟೊ ಮಂಡಿಯ ಹೊರಗೆ ನೋಡಿದ್ದನ್ನು ಮಗ ಹೀಗೆ ಕಟ್ಟಿದ:

ಕೆಂಪು ಹಣ್ಣಿನ ರಾಶಿ ಬಿದ್ದಿದೆ
ತಂಪು ಹೊತ್ತಲಿ ತಂದ ಮಾಲಿದು

ಸಾಲಿಗೆ 14 ಮಾತ್ರೆ ಸರಿಯಾಗಿ ಬಂದಿವೆ, ಎರಡನೆಯ ಅಕ್ಷರದ ಪ್ರಾಸವೂ ಕೂಡಿದೆ. ಮೂರನೆಯ ಸಾಲಿಗೆ ಮೂರು–ನಾಲ್ಕು ಮೂರು ಬಾರಿ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಬೇಕು. ಅದಕ್ಕಾಗಿ ಊಟದ ಹೊತ್ತಿನಲ್ಲಿಯೂ ಬೆರಳು ಮಡಿಸುತ್ತಾ ಕೂತಿದ್ದವನನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ತೆಲುಗಿಗೆ ಅವರು ಕೊಟ್ಟ ಜಾಗ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಶಾಲೆಯಲ್ಲಿ ಮನೆಮಾತನ್ನಾಡಲು ನಾಚುವ ಮಕ್ಕಳೂ ಇದ್ದಾರೆ. ಅಜ್ಜಿಯಂದಿರಿಗೆ ಬಾಯಿಪಾಠವಾಗಿರುವ ವೇಮನನ ಪದ್ಯಗಳನ್ನು ಕೇಳಿ ಬರೆದು ತರುವಂತೆ ಹೇಳಿ, ಅವನ್ನು ಸರ್ವಜ್ಞನ ತ್ರಿಪದಿಗಳ ಪಕ್ಕದಲ್ಲಿಟ್ಟು, ಎರಡೂ ಆಯಾ ಕವಿಯ ಹೆಸರಿನ ಅಂಕಿತದಲ್ಲಿ ಮುಗಿಯುವುದನ್ನು ಮಕ್ಕಳೇ ಕಂಡುಕೊಳ್ಳಲು ಬಿಟ್ಟರು. ಆ ವಾರ ನಮ್ಮತ್ತೆ, ಮೊಮ್ಮಗ ತಮ್ಮನ್ನು ಪಾಠ ಕೇಳುತ್ತಿದ್ದಾನೆಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು.

ಕೊರತೆಗಳೂ ಇವೆ. 30ಕ್ಕೂ ಹೆಚ್ಚು ಮಕ್ಕಳಿಗೆ ಒಬ್ಬರೇ ಮೇಷ್ಟ್ರು ಇದ್ದುದರಿಂದ ಬರೆದುಕೊಟ್ಟ ಹಾಳೆಗಳು ‘ಚೆನ್ನಾಗಿದೆ’ ಎಂಬ ಒಂದೇ ಮಾತಿನೊಂದಿಗೆ ಹಿಂತಿರುಗಿದವು. ಯಾವ ಪದ ಸಡಿಲವಾಗಿದೆ ಎಂದು ತಿಳಿಯದೆ ತಿದ್ದುವುದು ಹೇಗೆ? ಮಾತ್ರೆಯ ಲೆಕ್ಕವಿಲ್ಲದ ಹೊಸ ಕವಿತೆಗೆ ದೊರೆತದ್ದು ಒಂದೇ ಭಾನುವಾರ. ಕೊನೆಯ ದಿನ ಸ್ಪರ್ಧೆ ಇಟ್ಟು ಮೂವರಿಗೆ ಬಹುಮಾನ ಕೊಟ್ಟದ್ದು ನನಗೆ ಸರಿಕಾಣಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಧೈರ್ಯವಾಗಿ ಓದುತ್ತಿದ್ದ ಇಬ್ಬರು ಹುಡುಗಿಯರು ಅಂದು ವೇದಿಕೆಯನ್ನೇ ಹತ್ತಲಿಲ್ಲ.

ಶುಲ್ಕ 800 ರೂಪಾಯಿ, ಹೊರೆಯೆನಿಸಲಿಲ್ಲ. ಮುಂದಿನ ತಂಡಕ್ಕೆ ಮಗಳ ಹೆಸರನ್ನೂ ಬರೆಸಿದ್ದೇನೆ. ಸ್ಪರ್ಧೆಯನ್ನು ಕೈಬಿಟ್ಟು ಆ ಹೊತ್ತನ್ನು ತಿದ್ದುವ ಕೆಲಸಕ್ಕೆ ಕೊಡಬೇಕೆಂದು ಮೇಷ್ಟ್ರನ್ನು ಕೇಳಿಕೊಂಡಿದ್ದೇನೆ.