ಉಲ್ಕೆ ಎಣಿಸಲು ಕೊಂಡ ಹೆಬ್ಬೆರಳು ಗಾತ್ರದ ರಿಸೀವರ್

ಉಲ್ಕೆ ಉರಿದುಹೋದ ಜಾಡಿನಿಂದ ಚದುರಿ ಬರುವ ರೇಡಿಯೊ ಅಲೆಗಳನ್ನು ಕೇಳುವ ಹುಚ್ಚಿಗೆ, ಯುಎಸ್‌ಬಿಗೆ ಸಿಕ್ಕಿಸುವ ಎಸ್‌ಡಿಆರ್ (ಹೆಚ್ಚಿನ ಕೆಲಸವನ್ನು ಕಂಪ್ಯೂಟರಿನ ತಂತ್ರಾಂಶಕ್ಕೆ ಬಿಡುವ ರೇಡಿಯೊ) ರಿಸೀವರ್ ಒಂದನ್ನು ಕೊಂಡೆ. ಮೂರು ತಿಂಗಳು ಬಳಸಿದ್ದೇನೆ. ಎಣಿಸುವವರಿಗೆ ಇದು ಸಾಕು, ಅಳೆಯುವವರಿಗೆ ಸಾಲದು.

ಮೊದಲ ರಾತ್ರಿಯೇ ಬೇಸ್ತುಬಿದ್ದೆ. ಪರದೆಯ ಮೇಲೆ ಮೂಡಿದ ಗೆರೆಗಳನ್ನೆಲ್ಲ ಉಲ್ಕೆಗಳೆಂದು ಬಗೆದು 64ರವರೆಗೆ ಬರೆದಿಟ್ಟೆ. ಮೊಬೈಲ್ ಚಾರ್ಜರ್ ಕಿತ್ತೊಡನೆ ಅಷ್ಟೂ ಮಾಯ! ಉದ್ದನೆಯ ಕೇಬಲ್ ಹಾಕಿ ರಿಸೀವರನ್ನು ಕಂಪ್ಯೂಟರಿನಿಂದ ದೂರವಿಟ್ಟ ಮೇಲೆ ಗದ್ದಲ ತಗ್ಗಿತು.

ಸಾವಿರ ಕಿಲೋಮೀಟರ್ ಆಚೆಯ 50 ಮೆಗಾಹರ್ಟ್ಸ್ ಬೀಕನ್ (ಗುರುತಿನ ಸಂಕೇತ ಬಿತ್ತರಿಸುತ್ತಲೇ ಇರುವ ಕೇಂದ್ರ) ಕಡೆಗೆ, ಒಂದೇ ದಿಕ್ಕಿಗೆ ಕಿವಿಗೊಡುವ ಯಾಗಿ ಆಂಟೆನಾ ತಿರುಗಿಸಿದೆ. ಭೂಮಿಯ ಉಬ್ಬು ಅಡ್ಡವಿರುವುದರಿಂದ ಅದು ನೇರವಾಗಿ ಕೇಳದು; ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಉಲ್ಕೆಯೊಂದು ಎಲೆಕ್ಟ್ರಾನುಗಳ ಗೆರೆ ಎಳೆದರೆ ಕೇಳುತ್ತದೆ. ಬೆಳಗಿನ ಜಾವ ಐದರ ಹೊತ್ತಿಗೆ 'ಟುಯ್' ಎಂದು ಸಣ್ಣ ಸಿಳ್ಳೆ, ಅರೆಕ್ಷಣದಲ್ಲಿ ಕರಗಿತು. ಆಮೇಲೆ ಬಂದದ್ದು ಎಂಟು ಸೆಕೆಂಡು ನಿಂತಿತು. ಗಾಳಿ ಜಾಡನ್ನು ತಿರುಚುತ್ತಿದ್ದಂತೆ ದನಿ ಏರುತ್ತ, ಕುಗ್ಗುತ್ತ, ನಡುಗುತ್ತ ಆರಿತು. ಮಳೆಯಲ್ಲಿ ಓಡುವವನ ಬೆನ್ನಿಗಿಂತ ಎದೆ ಹೆಚ್ಚು ನೆನೆಯುವಂತೆ, ಭೂಮಿ ಮುನ್ನುಗ್ಗುವ ಬದಿಯಾದ ಮುಂಜಾನೆಯ ಕಡೆಗೇ ಉಲ್ಕೆಗಳು ಹೆಚ್ಚು. ಸಂಜೆ ಆರಕ್ಕೆ ಕುಳಿತು ಬೇಸರಪಟ್ಟುಕೊಳ್ಳಬೇಡಿ.

ಇನ್ನು ದೂರುಗಳು. ಆವರ್ತನ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಹೆಚ್ಚು ತಪ್ಪದು ಎಂದು ಪೆಟ್ಟಿಗೆಯ ಮೇಲಿದೆ. 50 ಮೆಗಾಹರ್ಟ್ಸ್‌ನಲ್ಲಿ ಅದು 50 ಹರ್ಟ್ಸ್. ನನ್ನದು ಬಿಸಿಯಾಗುತ್ತ ಮೊದಲ ನಲವತ್ತು ನಿಮಿಷದಲ್ಲೇ 70 ಹರ್ಟ್ಸ್ ಜಾರಿತು. ಸೆಕೆಂಡಿಗೆ 30 ಮೀಟರ್ ವೇಗದ ಗಾಳಿ ಜಾಡನ್ನು ತಳ್ಳಿದರೂ ಸಿಗುವ ಡಾಪ್ಲರ್ ವ್ಯತ್ಯಾಸ (ಚಲನೆಯಿಂದ ಆವರ್ತನದಲ್ಲಾಗುವ ಬದಲಾವಣೆ) ಹೆಚ್ಚೆಂದರೆ 10 ಹರ್ಟ್ಸ್. ಈ ಜಾರಾಟದಲ್ಲಿ ಅದನ್ನು ಎಲ್ಲಿ ಹುಡುಕುವುದು? ಒಂದು ಗಂಟೆ ಮೊದಲೇ ಚಾಲೂ ಮಾಡಿಟ್ಟರೆ ತಕ್ಕಮಟ್ಟಿಗೆ ಸ್ಥಿರವಾಗುತ್ತದೆ. ಜೊತೆಗೆ ಸಂಕೇತವನ್ನು ಅಂಕಿಗಳಾಗಿಸಲು ಒಳಗಿರುವುದು ಬರೀ 8 ಬಿಟ್ ಪರಿವರ್ತಕ, ಅಂದರೆ 256 ಮೆಟ್ಟಿಲುಗಳಷ್ಟೇ. ಹತ್ತಿರದ ಎಫ್‌ಎಂ ಕೇಂದ್ರದ ಅಬ್ಬರಕ್ಕೆ ಅದು ಕಂಗಾಲು. ಎಫ್‌ಎಂ ತಡೆಯುವ ಫಿಲ್ಟರ್ ಬೇರೆಯಾಗಿ ಕೊಳ್ಳಬೇಕಾಯಿತು.

1951ರಲ್ಲಿ ಅಮೆರಿಕದ ಸೀಡರ್ ರ‍್ಯಾಪಿಡ್ಸ್‌ನಿಂದ ಸ್ಟರ್ಲಿಂಗ್‌ಗೆ, 1,245 ಕಿಲೋಮೀಟರ್ ದೂರಕ್ಕೆ, 49.8 ಮೆಗಾಹರ್ಟ್ಸ್‌ನಲ್ಲಿ ಕ್ಷೀಣವಾದರೂ ಕಡಿಯದ ಸಂಕೇತ ಸಿಕ್ಕಿತ್ತು. ಕೆಳ ಅಯಾನುಗೋಳದ (ಮೇಲಿನ ವಾತಾವರಣದ ವಿದ್ಯುದಾವೇಶದ ಪದರ) ಏರುಪೇರುಗಳೇ ಅದನ್ನು ಚದುರಿಸುತ್ತಿದ್ದವು. ಅಂಥ ಸಂಕೇತವನ್ನೂ ಕೇಳುವ ಆಸೆಯಿತ್ತು, ಕೇಳಿಸಲಿಲ್ಲ. ಆ ಪ್ರಯೋಗ ಮಾಡಿದವರಲ್ಲಿ ಕಿಲೋವಾಟ್‌ಗಟ್ಟಲೆ ಶಕ್ತಿಯಿತ್ತು, ಭಾರಿ ಆಂಟೆನಾಗಳಿದ್ದವು. ಅದಕ್ಕಾಗಿ ಈ ಬಡಪಾಯಿಯನ್ನು ಬೈಯಲಾರೆ.

ಐದಕ್ಕೆ ಮೂರೂವರೆ ಅಂಕ. ಫಿಲ್ಟರನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ನಾಲ್ಕು ಕೊಡುತ್ತಿದ್ದೆ.