ಟೇಲಿಂಗ್ ಡ್ಯಾಂನ ನೀರುಮಟ್ಟ ಅಳೆಯುವ ಟೇಪು: ಎರಡು ಮಳೆಗಾಲದ ಬಳಕೆಯ ಮೇಲೆ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ಅದಿರು ತೊಳೆಯುವ ಘಟಕವೊಂದರ ಟೇಲಿಂಗ್ ಡ್ಯಾಂ, ಅಂದರೆ ಅದಿರು ತೊಳೆದ ಮೇಲೆ ಉಳಿಯುವ ಕೆಸರನ್ನು ಹಿಡಿದಿಡುವ ಒಡ್ಡು, ನೋಡಿಕೊಳ್ಳುವ ಕೆಲಸ ನನ್ನದು. ಒಡ್ಡಿನಲ್ಲಿ ಇಳಿಸಿರುವ, ತಳದ ರಂಧ್ರಗಳಿಂದ ಒಡ್ಡಿನೊಳಗಿನ ನೀರು ಒಳಬರುವ ಪೀಜೋಮೀಟರ್ ಪೈಪುಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುವ 50 ಮೀಟರಿನ ಟೇಪೊಂದನ್ನು ಎರಡು ಮಳೆಗಾಲ ಬಳಸಿದ್ದೇನೆ. ಇಂಥದ್ದನ್ನು ಕೊಳ್ಳಬೇಕೆಂದಿರುವ ಸುತ್ತಲಿನ ಘಟಕಗಳವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಸಲಕರಣೆ ಸರಳವಾದದ್ದು. ರೀಲಿಗೆ ಸುತ್ತಿದ ಚಪ್ಪಟೆ ಟೇಪು, ಅದರ ಮೇಲೆ ಮಿಲಿಮೀಟರ್ ಗುರುತುಗಳು, ಒಳಗೆ ಎರಡು ಎಳೆ ತಂತಿ, ತುದಿಯಲ್ಲಿ ಬೆರಳು ಗಾತ್ರದ ಸ್ಟೀಲ್ ಪ್ರೋಬ್, ರೀಲಿನಲ್ಲಿ 9 ವೋಲ್ಟಿನ ಬ್ಯಾಟರಿ. ಪ್ರೋಬ್ ನೀರು ಮುಟ್ಟಿದೊಡನೆ ತಂತಿಗಳ ನಡುವೆ ವಿದ್ಯುತ್ ಹರಿದು ಬಜರ್ ಕೂಗುತ್ತದೆ, ದೀಪ ಹತ್ತುತ್ತದೆ. ಆಗ ಪೈಪಿನ ಬಾಯಿಗೆ ಸರಿಯಾಗಿ ಟೇಪನ್ನು ಹಿಡಿದು ಅಂಕಿಯನ್ನು ಓದಬೇಕು. ಬಾಯಿಯ ಎತ್ತರದಿಂದ ಆ ಅಂಕಿಯನ್ನು ಕಳೆದರೆ ಒಡ್ಡಿನೊಳಗಿನ ನೀರಿನ ಮಟ್ಟ ಸಿಗುತ್ತದೆ.

ಈ ಮಟ್ಟಕ್ಕೆ ಇಷ್ಟು ಮಹತ್ವ ಏಕೆಂದರೆ, ನೀರಿನ ಅಣೆಕಟ್ಟಿನಂತೆ ಟೇಲಿಂಗ್ ಡ್ಯಾಂ ಒಮ್ಮೆ ಕಟ್ಟಿ ಮುಗಿಸುವಂಥದ್ದಲ್ಲ. ಘಟಕ ನಡೆಯುವಷ್ಟು ಕಾಲವೂ ಅದನ್ನು ಹಂತಹಂತವಾಗಿ ಏರಿಸುತ್ತಲೇ ಇರುತ್ತಾರೆ. ಎಷ್ಟೋ ಕಡೆ ಹಳೆಯ ಕೆಸರಿನ ಮೇಲೆಯೇ ಹೊಸ ಒಡ್ಡು ಕೂರುತ್ತದೆ. ಆ ಕೆಸರಿನ ಕಣಗಳ ನಡುವೆ ನೀರಿನ ಒತ್ತಡ ಹೆಚ್ಚಿದಷ್ಟೂ ಕಣಗಳಿಗೆ ಒಂದರ ಮೇಲೊಂದಕ್ಕಿರುವ ಹಿಡಿತ ಸಡಿಲವಾಗುತ್ತದೆ, ಹಿಡಿತ ಪೂರ್ತಿ ತಪ್ಪಿದರೆ ಗಟ್ಟಿಯಾಗಿ ಕಂಡ ನೆಲವೇ ದ್ರವದಂತೆ ಹರಿದುಬಿಡುತ್ತದೆ.

ಟೇಪಿನ ಗುಣದ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಎರಡು ವರ್ಷವಾದರೂ ಅಂಕಿಗಳು ಅಳಿಸಿಲ್ಲ, ಬ್ಯಾಟರಿಯನ್ನು ಒಮ್ಮೆ ಮಾತ್ರ ಬದಲಿಸಿದ್ದೇನೆ. ಆದರೆ ನಮ್ಮ ನುಣುಪಾದ ಕೆಂಪು ಕೆಸರು ಪ್ರೋಬಿನ ತುದಿಗೆ ಮೆತ್ತಿಕೊಂಡರೆ ನೀರು ಮುಟ್ಟುವ ಮೊದಲೇ ಬಜರ್ ಕೂಗುತ್ತದೆ; ಪೈಪಿನ ಒಳಗೋಡೆಯ ತೇವಕ್ಕೂ ಕೂಗಿದ್ದುಂಟು. ಸೂಕ್ಷ್ಮತೆಯ ತಿರುಗಣೆಯನ್ನು ತಗ್ಗಿಸಿ, ಪ್ರತಿ ಪೈಪಿನ ನಂತರ ಪ್ರೋಬನ್ನು ತೊಳೆದು ಒರೆಸಿ, ಎರಡು ಸಲ ಇಳಿಸಿ ನೋಡಿದರೆ ಈ ತೊಂದರೆ ಇಲ್ಲ. ಪೈಪಿನ ಅಂಚು ಹರಿತವಾಗಿದ್ದರೆ ಟೇಪಿನ ಹೊದಿಕೆ ಕೊಯ್ದುಹೋಗುತ್ತದೆ, ಹಾಗಾಗಿ ಅಂಚನ್ನು ಅರದಿಂದ ಉಜ್ಜಿಡಬೇಕು.

ನನ್ನನ್ನು ನಿಜವಾಗಿ ಹೆದರಿಸಿದ್ದು ಟೇಪು ಅಲ್ಲ, ರಿಜಿಸ್ಟರು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಇನ್ನೊಂದು ಘಟಕದಲ್ಲಿ ನಾಲ್ಕನೇ ಪೈಪಿನ ಎದುರು ಮೂರು ತಿಂಗಳು 6.40 ಎಂದೇ ಬರೆದಿತ್ತು. ಅಳತೆ ಮಾಡುತ್ತಿದ್ದ ಹುಡುಗನನ್ನು ಕೇಳಿದರೆ, ‘ಸರ್, ಇದು ಯಾವಾಗ್ಲೂ ಇಷ್ಟೇ ಇರ್ತದ್ರಿ’ ಎಂದ. ಅವನು ಸುಳ್ಳು ಬರೆದಿರಲಿಲ್ಲ. ಆ ಪೈಪಿಗೆ ಒಂದು ಬಕೆಟ್ ನೀರು ಸುರಿದು ಕಾದು ನೋಡಿದೆವು. ನೀರು ಬಾಯಿಯವರೆಗೆ ತುಂಬಿ ಮರುದಿನ ಬೆಳಿಗ್ಗೆಯೂ ಹಾಗೆಯೇ ನಿಂತಿತ್ತು. ಕೆಳಗಿನ ರಂಧ್ರಗಳು ಹೂಳು ಕಟ್ಟಿ ಮುಚ್ಚಿಹೋಗಿದ್ದವು. ನಾವು ಅಷ್ಟು ದಿನ ಅಳೆದದ್ದು ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಹಳೆಯ ನೀರನ್ನು. ಮಳೆ ಬಿದ್ದರೂ ಕದಲದ ಅಂಕಿಯನ್ನು ನೋಡಿ ನೆಮ್ಮದಿಯಿಂದ ಇರಬಾರದೆಂದು ನಾನು ಕಲಿತದ್ದು ಅಲ್ಲಿ. ಒಡ್ಡು ಏರಿಸಿದಾಗಲೆಲ್ಲ ಪೈಪನ್ನೂ ಉದ್ದ ಮಾಡುತ್ತಾರೆ. ಆಗ ಬಾಯಿಯ ಎತ್ತರವನ್ನು ಹೊಸದಾಗಿ ಸರ್ವೆ ಮಾಡದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಇಷ್ಟೆಲ್ಲ ಸರಿಯಿದ್ದರೂ ಟೇಪಿನಿಂದ ಆಗದ ಕೆಲಸವೂ ಇದೆ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಕುಸಿದದ್ದು ಕಬ್ಬಿಣದ ಅದಿರಿನದೇ ಡ್ಯಾಂ, 86 ಮೀಟರ್ ಎತ್ತರದ್ದು. 2016ರ ನಂತರ ಅದಕ್ಕೆ ಕೆಸರು ಬಿಟ್ಟಿರಲಿಲ್ಲ. ಅದು ಸ್ಥಿರವಾಗಿದೆ ಎಂಬ ಪ್ರಮಾಣಪತ್ರ ಸಿಕ್ಕು ಕೆಲವೇ ತಿಂಗಳಾಗಿತ್ತು. ಅಲ್ಲಿ ಪೀಜೋಮೀಟರುಗಳಷ್ಟೇ ಅಲ್ಲ, ಒಡ್ಡು ಕದಲುವುದನ್ನು ಗಮನಿಸುವ ರೇಡಾರ್ ಕೂಡ ಇತ್ತು. ಕುಸಿತಕ್ಕೆ ಮುಂಚೆ ಈ ಸಲಕರಣೆಗಳಲ್ಲಿ ಗಮನಾರ್ಹ ಮುನ್ಸೂಚನೆ ಕಂಡಿರಲಿಲ್ಲ ಎಂದು ತಜ್ಞರ ತಂಡ ಹೇಳಿತು. ಕಡಿದಾದ ಇಳಿಜಾರು, ಸಾಕಷ್ಟು ಬಸಿಗಾಲುವೆ ಇಲ್ಲದ್ದು, ಒಳಗೆ ನೀರು ಹೆಚ್ಚಾಗಿ ನಿಂತದ್ದು, ಜೋರು ಮಳೆ, ಇವು ಆ ತಂಡ ಗುರುತಿಸಿದ ಕಾರಣಗಳು. ಒಡ್ಡಿನ ಕೆಳಗೇ ಇದ್ದ ಕಾರ್ಮಿಕರ ಊಟದ ಕೋಣೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೆಸರು ನುಗ್ಗಿತು, ಒಟ್ಟು 270 ಜನ ಸತ್ತರು, ಎಚ್ಚರಿಕೆಯ ಸೈರನ್ ಕೂಗಲಿಲ್ಲ. ಇದನ್ನು ಓದಿದಾಗ ನಾನು ಮೊದಲು ನೋಡಿದ್ದು ನಮ್ಮ ಕ್ಯಾಂಟೀನು ಎಲ್ಲಿದೆ ಎಂದು.

ಆ ದುರಂತದ ನಂತರ 2020ರ ಆಗಸ್ಟ್‌ನಲ್ಲಿ ಜಾಗತಿಕ ಟೇಲಿಂಗ್ಸ್ ಮಾನದಂಡ ಬಂದಿತು. ಪ್ರತಿ ಡ್ಯಾಂಗೂ ಹೊಣೆ ಹೊರುವ ಎಂಜಿನಿಯರ್ ಒಬ್ಬರಿರಬೇಕು, ಹೊರಗಿನ ಸ್ವತಂತ್ರ ತಜ್ಞರು ಪರಿಶೀಲಿಸಬೇಕು, ಕೆಳಗಿನ ಜನರಿಗೆ ಅಪಾಯ ತಿಳಿದಿರಬೇಕು ಎಂದು ಅದು ಕೇಳುತ್ತದೆ. ನಮ್ಮ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಾದರೋ ಅಣೆಕಟ್ಟು ಎಂದರೆ ನೀರು ಸಂಗ್ರಹಿಸಲು ಅಥವಾ ತಿರುಗಿಸಲು ನದಿ, ಉಪನದಿಗಳಿಗೆ ಅಡ್ಡ ಕಟ್ಟಿದ್ದು ಎಂದು ವಿವರಿಸುತ್ತದೆ. ಗುಡ್ಡದ ಬಗಲಲ್ಲಿ ಕೆಸರು ಹಿಡಿದಿಡುವ ಒಡ್ಡು ಆ ಮಾತಿನೊಳಗೆ ಸುಲಭವಾಗಿ ಕೂರುವುದಿಲ್ಲ, ಮತ್ತು ಇದು ನನ್ನನ್ನು ಕಾಡುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಊರೂರಲ್ಲಿ ಅದೇ ಮಾತು. ಟೇಲಿಂಗ್ ಡ್ಯಾಂಗಳ ಮೇಲೆ ಅಂಥ ಸಾವಿರಾರು ಕಣ್ಣುಗಳಿಲ್ಲ.

ಟೇಪನ್ನು ಕೊಳ್ಳಿರಿ ಎಂದೇ ಹೇಳುತ್ತೇನೆ. ಅತಿ ಆಳದ ಪೈಪಿಗಿಂತ 10 ಮೀಟರ್ ಉದ್ದ ಹೆಚ್ಚಿರಲಿ, ಜೊತೆಗೆ ಬದಲಿ ಪ್ರೋಬೂ ಬೇಕು. ಮಳೆಗಾಲದಲ್ಲಿ ನಾವು ವಾರಕ್ಕೊಮ್ಮೆ ಅಳೆಯುವುದನ್ನು ಬಿಟ್ಟು ದಿನವೂ ಅಳೆಯುತ್ತಿದ್ದೇವೆ. ಇಬ್ಬರು ಓದಿ ಇಬ್ಬರೂ ಸಹಿ ಹಾಕುತ್ತಾರೆ, ಮಟ್ಟ ಯಾವ ಅಂಕಿ ದಾಟಿದರೆ ಡ್ಯಾಂಗೆ ಕೆಸರು ಬಿಡುವ ಪಂಪು ನಿಲ್ಲಿಸಬೇಕೆಂಬುದನ್ನು ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿದ್ದೇವೆ. ಪಂಪು ನಿಲ್ಲಿಸಲು ಮ್ಯಾನೇಜರರ ಫೋನಿಗೆ ಕಾಯಬೇಕಾಗಿಲ್ಲ, ರಾತ್ರಿ ಪಾಳಿಯ ಆಪರೇಟರ್‌ಗೇ ಆ ಅಧಿಕಾರ ಕೊಟ್ಟಿದೆ.